ಲಾಭ ಇದೆ, ದುಡ್ಡಿಲ್ಲ: ಸಣ್ಣ ಕಂಪನಿಗೆ ಸಿಸಿಯೋ, ಟರ್ಮ್ ಲೋನೋ, ಟ್ರೆಡ್ಸೋ, ಚೀಟಿಯೋ?

"ಸಾರ್, ತೆರಿಗೆ ಕಳೆದು ಹದಿನೆಂಟು ಲಕ್ಷ ಲಾಭ ಅಂತ ನೀವೇ ಬರೆದು ಕೊಟ್ರಿ. ನಾಳಿದ್ದು ಹುಡುಗರಿಗೆ ಸಂಬಳ ಕೊಡೋಕೆ ನನ್ನ ಹತ್ರ ದುಡ್ಡಿಲ್ಲ. ಆ ಹದಿನೆಂಟು ಲಕ್ಷ ಎಲ್ಲಿ ಹೋಯ್ತು?"

ಪೀಣ್ಯದ ಸಣ್ಣ ಕಾರ್ಖಾನೆಗಳ ಲೆಕ್ಕ ಬರೆಯುವುದು ನನ್ನ ಕಸುಬು. ತಿಂಗಳ ಐದನೇ ತಾರೀಕು ಇಂಥದೊಂದು ಫೋನು ಬರದಿದ್ದರೆ ಅವತ್ತು ಭಾನುವಾರ ಎಂದೇ ಅರ್ಥ. ಈ ಸಲ ಕೇಳಿದವರು ಶಾಫ್ಟ್ ತಿರುಗಿಸಿ ಕೊಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಮಾಲೀಕರು. ವರ್ಷಕ್ಕೆ ಮೂರು ಕೋಟಿ ವಹಿವಾಟು, ಹದಿನಾಲ್ಕು ಜನ ಕೆಲಸಗಾರರು. ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಎಂದು ಶೆಡ್ಡಿಗೇ ಹೋದೆ. ಮೆಟ್ಟಿಲ ಕೆಳಗೆ ಪೇರಿಸಿಟ್ಟ ಇಎನ್-8 ಉಕ್ಕಿನ ರಾಡುಗಳಲ್ಲಿ ಹೋದ ವರ್ಷಕ್ಕಿಂತ ನಾಲ್ಕು ಲಕ್ಷದ ಮಾಲು ಹೆಚ್ಚಿತ್ತು. ಗಿರಾಕಿಗಳಿಂದ ಬರಬೇಕಾದ ಬಾಕಿ ಒಂಬತ್ತು ಲಕ್ಷ ಏರಿತ್ತು. ಹಳೆಯ ಲೇತ್ ಮೇಲಿನ ಸಾಲದಲ್ಲಿ ಐದು ಲಕ್ಷ ಅಸಲು ತೀರಿತ್ತು. ನಾಲ್ಕು, ಒಂಬತ್ತು, ಐದು. ಸವಕಳಿಯ (ಯಂತ್ರ ಹಳೆಯದಾದಂತೆ ಕಳೆಯುವ ಬೆಲೆಯ) ಗೋಜಲು ಬಿಟ್ಟು ಹೇಳುವುದಾದರೆ ಹದಿನೆಂಟು ಲಕ್ಷ ಅಲ್ಲೇ ಇತ್ತು, ಸಿಕ್ಕಿಹಾಕಿಕೊಂಡಿತ್ತು ಅಷ್ಟೆ.

"ಸರಿ ಸಾರ್, ಈಗ ಎಲ್ಲಿಂದ ತರಲಿ? ಬ್ಯಾಂಕಿನವರು ಸಿಸಿ ಅಂತಾರೆ. ಫೈನಾನ್ಸ್ ಕಂಪನಿಯವನು ಮೂರು ದಿನದಲ್ಲಿ ಹತ್ತು ಲಕ್ಷ ಅಂತಾನೆ. ನಮ್ಮ ಭಾವಮೈದ ಚೀಟಿ ಎತ್ತು ಅಂತಾನೆ."

ಸಿಸಿ ಎಂದರೆ ಕ್ಯಾಶ್ ಕ್ರೆಡಿಟ್, ಬ್ಯಾಂಕು ಹಾಕಿದ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟಬಹುದಾದ ಸಾಲ. ಈ ಪ್ರಶ್ನೆಯನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಒಬ್ಬೊಬ್ಬರಿಗೂ ಉತ್ತರ ಬೇರೆ. ಆದರೆ ಉತ್ತರಕ್ಕೆ ಹೋಗುವ ದಾರಿ ಎಲ್ಲರಿಗೂ ಒಂದೇ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ದಿನ ಎಣಿಸಿ

ಎಷ್ಟು ಸಾಲ ಬೇಕು ಎಂದು ಕೇಳಿದರೆ ಎಲ್ಲರೂ ಒಂದು ದುಂಡು ಮೊತ್ತ ಹೇಳುತ್ತಾರೆ: ಹತ್ತು ಲಕ್ಷ, ಇಪ್ಪತ್ತು ಲಕ್ಷ. ಅದು ಆಸೆಯ ಲೆಕ್ಕ. ನಿಜವಾದ ಲೆಕ್ಕ ದಿನದಲ್ಲಿದೆ. ನಿಮ್ಮ ಒಂದು ರೂಪಾಯಿ ಕೈಬಿಟ್ಟು ಹೋಗಿ ಮರಳಿ ಬರಲು ಎಷ್ಟು ದಿನ ತೆಗೆದುಕೊಳ್ಳುತ್ತದೆ?

ಈ ಶಾಫ್ಟ್ ಕಂಪನಿಯದನ್ನೇ ನೋಡಿ. ಕಚ್ಚಾ ಮಾಲು ಶೆಡ್ಡಿನಲ್ಲಿ 20 ದಿನ ಕೂರುತ್ತದೆ. ಯಂತ್ರದ ಮೇಲೆ, ಹೀಟ್ ಟ್ರೀಟ್‌ಮೆಂಟಿಗೆ ಹೊರಗೆ ಹೋಗಿ ಬರುವುದು ಸೇರಿ 15 ದಿನ. ತಯಾರಾದ ಮಾಲು ಇನ್ಸ್‌ಪೆಕ್ಷನ್ ಆಗಿ ಗಾಡಿ ಹತ್ತಲು 5 ದಿನ. ಬಿಲ್ಲಿನ ಹಣ ಬರಲು 75 ದಿನ. ಒಟ್ಟು 115. ಇದರಲ್ಲಿ ಸ್ಟೀಲ್ ವ್ಯಾಪಾರಿ 30 ದಿನ ಉದ್ರಿ ಕೊಡುತ್ತಾರೆ, ಅದನ್ನು ಕಳೆದರೆ 85 ದಿನ. ಮೂರು ಕೋಟಿಯನ್ನು 365ರಿಂದ ಭಾಗಿಸಿದರೆ ದಿನದ ವಹಿವಾಟು ಸುಮಾರು 82,000 ರೂಪಾಯಿ. ಗುಣಿಸಿದರೆ ಹತ್ತಿರಹತ್ತಿರ 70 ಲಕ್ಷ. ಇಷ್ಟು ಹಣ ಯಾವಾಗಲೂ ಹೊರಗೇ ತಿರುಗುತ್ತಿರಬೇಕು, ಇಲ್ಲದಿದ್ದರೆ ಕಾರ್ಖಾನೆ ನಿಲ್ಲುತ್ತದೆ. ಮಾರಾಟದ ಬೆಲೆಯಲ್ಲಿ ಎಣಿಸಿದ್ದರಿಂದ ಇದು ಸ್ವಲ್ಪ ಮೇಲಕ್ಕೇ ಇದೆ. ಇರಲಿ, ಕಡಿಮೆ ಅಂದಾಜಿಗಿಂತ ಅದೇ ಕ್ಷೇಮ.

ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಇಂದಿಗೂ ಬಳಸುವ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರವೂ ಇಲ್ಲಿಗೇ ಬರುತ್ತದೆ. ವರ್ಷದ ಅಂದಾಜು ವಹಿವಾಟಿನ ಶೇ. 25ರಷ್ಟು ದುಡಿಯುವ ಬಂಡವಾಳ ಬೇಕು, ಅದರಲ್ಲಿ ವಹಿವಾಟಿನ ಶೇ. 20 ಬ್ಯಾಂಕಿನದು, ಶೇ. 5 ಮಾಲೀಕನದು. ಮೂರು ಕೋಟಿಗೆ ಬ್ಯಾಂಕು 60 ಲಕ್ಷ, ನೀವು 15 ಲಕ್ಷ.

ಈಗ ಗಮನಿಸಿ. 75 ದಿನಕ್ಕೆ ಬರುವ ಬಿಲ್ಲಿನ ಹಣ 60 ದಿನಕ್ಕೆ ಬಂದರೆ ಹದಿನೈದು ಗುಣಿಸು 82,000, ಅಂದರೆ 12 ಲಕ್ಷಕ್ಕೂ ಹೆಚ್ಚು ನಿಮ್ಮ ಕೈಗೆ ಬಂತು. ಇದಕ್ಕೆ ಬಡ್ಡಿಯಿಲ್ಲ, ಅಡಮಾನವಿಲ್ಲ, ಮ್ಯಾನೇಜರ ಕ್ಯಾಬಿನ್ ಮುಂದೆ ಕಾಯುವುದೂ ಇಲ್ಲ. ಫೈನಾನ್ಸ್ ಕಂಪನಿಯವನು ಕೊಡುತ್ತೇನೆಂದ ಹತ್ತು ಲಕ್ಷಕ್ಕಿಂತ ಇದು ದೊಡ್ಡದು.

ತೂಗುವ ಅಳತೆಗಳು

ಬಡ್ಡಿ ದರವೊಂದನ್ನೇ ಹಿಡಿದು ತೂಗಿದರೆ ತಕ್ಕಡಿ ಸುಳ್ಳು ಹೇಳುತ್ತದೆ. ನಾನು ಐದು ಪ್ರಶ್ನೆ ಕೇಳುತ್ತೇನೆ. ಒಂದು, ಎಲ್ಲ ಶುಲ್ಕ ಸೇರಿ ವರ್ಷಕ್ಕೆ ನೂರಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ? ಎರಡು, ಬೇಕಾದಾಗ ಎಷ್ಟು ದಿನದಲ್ಲಿ ಕೈಗೆ ಬರುತ್ತದೆ? ಮೂರು, ಏನನ್ನು ಒತ್ತೆ ಇಡಬೇಕು. ಅದು ಕಂಪನಿಯ ಮಾಲೋ, ಹೆಂಡತಿ ಮಕ್ಕಳಿರುವ ಮನೆಯೋ? ನಾಲ್ಕು, ಕೆಲಸ ಹೆಚ್ಚಿದಾಗ ಏರಿ ಕಡಿಮೆಯಾದಾಗ ಇಳಿಯುತ್ತದೆಯೋ, ಅಥವಾ ಕೆಲಸ ಇರಲಿ ಬಿಡಲಿ ತಿಂಗಳಾಯಿತೆಂದರೆ ಕಂತು ಕೇಳುತ್ತದೆಯೋ? ಐದು, ಗಿರಾಕಿ ಹಣ ಕೊಡದೆ ಕೈಯೆತ್ತಿದರೆ ಪೆಟ್ಟು ಯಾರಿಗೆ?

ಇವೆಲ್ಲಕ್ಕೂ ಮೊದಲು ಹಾಕಿಕೊಳ್ಳಬೇಕಾದ ಗೆರೆ ಒಂದಿದೆ. ತಿರುಗುವ ಹಣಕ್ಕೆ ತಿರುಗುವ ಸಾಲ, ನಿಲ್ಲುವ ಹಣಕ್ಕೆ ನಿಲ್ಲುವ ಸಾಲ. ರಾಡು ಕೊಳ್ಳುವ ದುಡ್ಡು 85 ದಿನಕ್ಕೆ ವಾಪಸು ಬರುತ್ತದೆ. ಯಂತ್ರಕ್ಕೆ ಹಾಕಿದ ದುಡ್ಡು ಐದು ವರ್ಷಕ್ಕೆ ಬಂದರೆ ಪುಣ್ಯ. ಇವೆರಡನ್ನು ಅದಲು ಬದಲು ಮಾಡಿದವರು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ಬರಬೇಕಾದ ಹಣ ತರುವುದು

ಇದು ಸಾಲವಲ್ಲ, ಆದರೂ ಪಟ್ಟಿಯಲ್ಲಿ ಮೊದಲು ಇದೇ ಬರಬೇಕು. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಕಾರ್ಖಾನೆಗೆ 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ (ಎಂಎಸ್‌ಎಂಇಡಿ) ಒಂದು ಆಯುಧ ಕೊಟ್ಟಿದೆ. ಖರೀದಿದಾರ ಒಪ್ಪಂದದ ಅವಧಿಯೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. 2025ರ ಏಪ್ರಿಲ್‌ನಿಂದ ವಹಿವಾಟು 10 ಕೋಟಿ, ಹೂಡಿಕೆ 2.5 ಕೋಟಿಯೊಳಗಿದ್ದರೆ ಸೂಕ್ಷ್ಮ ಉದ್ಯಮ. ನಮ್ಮ ಶಾಫ್ಟ್ ಕಂಪನಿ ಆರಾಮವಾಗಿ ಇದರೊಳಗೆ ಬರುತ್ತದೆ.

ಕಾಗದದ ಮೇಲೆ ಚೆಂದ. ವರ್ಷದ ಅರ್ಧ ಆರ್ಡರು ಕೊಡುವ ಗಿರಾಕಿಯ ಮೇಲೆ ಬಾಕಿ ವಸೂಲಿಯ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕುವ ಧೈರ್ಯ ಎಷ್ಟು ಜನಕ್ಕಿದೆ? ನೀರಲ್ಲಿದ್ದು ಮೊಸಳೆಯ ಜೊತೆ ಹಗೆ ಯಾರು ಕಟ್ಟಿಕೊಳ್ಳುತ್ತಾರೆ? ಆದರೆ ಮೆತ್ತಗಿನ ದಾರಿಯೂ ಇದೆ. ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿದ ಮೇಲೆ, ಅಂದರೆ 2024-25ರ ತೆರಿಗೆ ನಿರ್ಧರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರ ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಇದು ಅವರ ಅಕೌಂಟ್ಸ್ ವಿಭಾಗಕ್ಕೆ ಚೆನ್ನಾಗಿ ಗೊತ್ತು. ಆದ್ದರಿಂದ ಬಿಲ್ಲಿನ ಮೇಲೆಯೇ ಉದ್ಯಮ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಜಗಳವಿಲ್ಲದೆ ನೆನಪಿಸಿದ ಹಾಗಾಗುತ್ತದೆ. ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ.

ಸ್ಟೀಲ್ ವ್ಯಾಪಾರಿಯ ಉದ್ರಿ

ಪುಕ್ಕಟೆ ಎಂದು ಎಲ್ಲರೂ ಭಾವಿಸುವ ಸಾಲ ಇದು. ಪುಕ್ಕಟೆ ಅಲ್ಲ. "ಹತ್ತು ದಿನದಲ್ಲಿ ಕೊಟ್ಟರೆ ನೂರಕ್ಕೆ ಎರಡು ಬಿಡ್ತೀನಿ, ಇಲ್ಲಾ 45 ದಿನ ತಗೊಳ್ಳಿ" ಎಂದು ವ್ಯಾಪಾರಿ ಹೇಳಿದರೆ, ಎರಡು ರೂಪಾಯಿ ಬಿಟ್ಟುಕೊಟ್ಟು ನೀವು ಕೊಳ್ಳುತ್ತಿರುವುದು 35 ದಿನ. ವರ್ಷಕ್ಕೆ ಎಣಿಸಿದರೆ ಶೇ. 21ಕ್ಕೂ ಹೆಚ್ಚು. ಸಿಸಿ ಶೇ. 11ಕ್ಕೆ ಸಿಗುತ್ತಿದ್ದರೆ ಅದರಿಂದ ತೆಗೆದು ಹತ್ತನೇ ದಿನವೇ ಕೊಟ್ಟುಬಿಡಿ. ಒಂದು ಲಕ್ಷದ ಮಾಲಿಗೆ ರಿಯಾಯಿತಿ 2,000, ಸಿಸಿ ಬಡ್ಡಿ ಸಾವಿರದ ಮೇಲೆ ಚಿಲ್ಲರೆ. ಉಳಿದದ್ದು ನಿಮ್ಮದು.

ರಿಯಾಯಿತಿಯೇ ಇಲ್ಲದ ಉದ್ರಿಯಾದರೆ ಧಾರಾಳವಾಗಿ ಬಳಸಿ. ಆದರೆ ವ್ಯಾಪಾರಿಯ ಮುಖ ನೋಡಿ ಬಳಸಿ. ಸ್ಟೀಲ್ ಸಿಗದ ದಿನ ಬಂದಾಗ ಅವನು ಮೊದಲು ಗಾಡಿ ಕಳಿಸುವುದು ತಡಮಾಡದೆ ಕೊಟ್ಟವನ ಶೆಡ್ಡಿಗೆ.

ಸಿಸಿ: ಲಿಮಿಟ್ ಬೇರೆ, ಕೈಗೆ ಸಿಗುವುದು ಬೇರೆ

ತಿರುಗುವ ಹಣಕ್ಕೆ ಕ್ಯಾಶ್ ಕ್ರೆಡಿಟ್‌ನಂಥ ಸಾಲ ಇನ್ನೊಂದಿಲ್ಲ. ಬಳಸಿದ ಮೊತ್ತಕ್ಕೆ, ಬಳಸಿದ ದಿನಕ್ಕೆ ಮಾತ್ರ ಬಡ್ಡಿ. ಸೂಕ್ಷ್ಮ, ಸಣ್ಣ ಉದ್ಯಮಗಳ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಸಾಲಗಳನ್ನು 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ರೆಪೋದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಿರುವುದರಿಂದ ರೆಪೋ ಇಳಿದರೆ ನಿಮ್ಮದೂ ಇಳಿಯುತ್ತದೆ. ನನ್ನ ಐದು ಪ್ರಶ್ನೆಗಳಲ್ಲಿ ನಾಲ್ಕನೆಯದಕ್ಕೆ, ಏರಿಳಿತಕ್ಕೆ, ಪೂರ್ತಿ ಅಂಕ.

ತೊಂದರೆ ಇರುವುದು ಡ್ರಾಯಿಂಗ್ ಪವರ್‌ನಲ್ಲಿ, ಅಂದರೆ ಆ ತಿಂಗಳ ಮಾಲು, ಬಾಕಿ ನೋಡಿ ಬ್ಯಾಂಕು ನಿಜವಾಗಿ ತೆಗೆಯಲು ಬಿಡುವ ಮೊತ್ತದಲ್ಲಿ. ಅರವತ್ತು ಲಕ್ಷದ ಲಿಮಿಟ್ ಮಂಜೂರಾಯಿತೆಂದು ಸಿಹಿ ಹಂಚಿದವರು ಮುಂದಿನ ತಿಂಗಳು ಫೋನು ಮಾಡುತ್ತಾರೆ: "ನಲವತ್ತಕ್ಕಿಂತ ಮೇಲೆ ಬಿಡ್ತಿಲ್ಲ ಸಾರ್." ಯಾಕೆಂದು ನೋಡೋಣ. ಸ್ಟಾಕು 30 ಲಕ್ಷ. ಅದರಲ್ಲಿ ವ್ಯಾಪಾರಿಗಳಿಗೆ ಕೊಡಬೇಕಾದ 15 ಲಕ್ಷವನ್ನು ಬ್ಯಾಂಕು ಕಳೆಯುತ್ತದೆ. ಅದು ನಿಮ್ಮ ಮಾಲಲ್ಲ, ಉದ್ರಿಯ ಮಾಲು. ಉಳಿದ 15 ಲಕ್ಷಕ್ಕೆ ಶೇ. 25 ಮಾರ್ಜಿನ್ (ಬ್ಯಾಂಕು ಸಾಲ ಕೊಡದೆ ನಿಮಗೇ ಬಿಡುವ ಪಾಲು) ಹೋದರೆ 11.25 ಲಕ್ಷ. ಗಿರಾಕಿಗಳ ಬಾಕಿ 62 ಲಕ್ಷ, ಅದರಲ್ಲಿ 14 ಲಕ್ಷ 90 ದಿನ ದಾಟಿದೆ. ದಾಟಿದ್ದಕ್ಕೆ ಬ್ಯಾಂಕಿನ ಕಣ್ಣಲ್ಲಿ ಬೆಲೆ ಸೊನ್ನೆ. ಉಳಿದ 48 ಲಕ್ಷಕ್ಕೆ ಶೇ. 40 ಮಾರ್ಜಿನ್ ಹೋದರೆ 28.8 ಲಕ್ಷ. ಎರಡೂ ಸೇರಿ 40 ಲಕ್ಷ. ಮಾರ್ಜಿನ್ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ. ಮಂಜೂರಾತಿ ಪತ್ರದಲ್ಲಿ ಮೊದಲು ಓದಬೇಕಾದ ಸಾಲು ಬಡ್ಡಿಯದಲ್ಲ, ಇದು. ಹಣ ಕೊಡದ ಗಿರಾಕಿ ನಿಮಗೆ ಎರಡು ಸಲ ಹೊಡೆಯುತ್ತಾನೆ. ಬಿಲ್ಲಿನ ದುಡ್ಡೂ ಬರಲಿಲ್ಲ, ಅದರ ಮೇಲೆ ಬ್ಯಾಂಕು ಕೊಡುತ್ತಿದ್ದದ್ದೂ ಹೋಯಿತು.

ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ತಡವಾದರೆ ದಂಡ ಶುಲ್ಕ. ತಪ್ಪು ಕೊಟ್ಟರೆ ಇನ್ನೂ ಕಷ್ಟ. ಒಂದು ಸಲ ನಾನೇ, ಹಿಂದಿನ ತಿಂಗಳ ಹಾಳೆಯನ್ನು ತಿದ್ದುವ ಗಡಿಬಿಡಿಯಲ್ಲಿ, ಹಣ ಬಂದು ಮುಗಿದಿದ್ದ ಎರಡು ಬಿಲ್ಲುಗಳನ್ನು ಬಾಕಿಯಲ್ಲೇ ಬಿಟ್ಟು ಕಳಿಸಿದ್ದೆ. ಸ್ಟಾಕ್ ಆಡಿಟ್‌ಗೆ ಬಂದವರು ಹತ್ತು ನಿಮಿಷದಲ್ಲಿ ಹಿಡಿದರು. ಮೋಸ ಮಾಡಿದ್ದಲ್ಲ ಎಂದು ಒಪ್ಪಿಸಲು ಎರಡು ವಾರ ಬೇಕಾಯಿತು. ಆ ಎರಡು ವಾರ ಮಾಲೀಕರು ನನ್ನ ಮುಖ ನೋಡಲಿಲ್ಲ.

ಒತ್ತೆಯ ಮಾತು. ಮಾಲು ಮತ್ತು ಬಾಕಿ ಹೇಗೂ ಬ್ಯಾಂಕಿಗೆ ಹೈಪಾಥಿಕೇಶನ್ (ನಿಮ್ಮ ಕೈಯಲ್ಲೇ ಇದ್ದು ಒತ್ತೆ) ಆಗಿರುತ್ತವೆ. ಅದರ ಮೇಲೆ ಸೈಟು, ಮನೆ ಕೇಳುವುದು ವಾಡಿಕೆ. ಆಸ್ತಿ ಇಲ್ಲದವರು, ಇದ್ದರೂ ಇಡಲು ಮನಸ್ಸಿಲ್ಲದವರು, ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ನಿಲ್ಲುವ ಸರ್ಕಾರಿ ಟ್ರಸ್ಟ್ ಸಿಜಿಟಿಎಂಎಸ್‌ಇ ಗ್ಯಾರಂಟಿಯಡಿ ಕೇಳಬಹುದು. 2025ರ ಏಪ್ರಿಲ್‌ನಿಂದ ಇದರ ಮಿತಿ 10 ಕೋಟಿ. ವರ್ಷ ವರ್ಷ ಗ್ಯಾರಂಟಿ ಶುಲ್ಕ ತೆರಬೇಕು, ಅದನ್ನು ಬಡ್ಡಿಗೆ ಸೇರಿಸಿ ಎಣಿಸಿ. ಒಂದು ತಪ್ಪು ತಿಳಿವಳಿಕೆ ಬೇಡ: ಸಾಲ ಕೆಟ್ಟರೆ ಗ್ಯಾರಂಟಿ ಹಣ ಹೋಗುವುದು ಬ್ಯಾಂಕಿಗೆ. ನಿಮ್ಮ ಸಾಲ ಮನ್ನಾ ಆಗುವುದಿಲ್ಲ.

ಇನ್ನೊಂದು ಎಚ್ಚರ. ಸಿಸಿ ಖಾತೆ ಸದಾ ಲಿಮಿಟ್ಟಿನ ನೆತ್ತಿಗೇ ತಗುಲಿಕೊಂಡಿದ್ದರೆ ಅದು ತಿರುಗುತ್ತಿಲ್ಲ ಎಂದು ಅರ್ಥ. ಸತತ 90 ದಿನ ಮಿತಿ ಮೀರಿದ್ದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ.

ಟರ್ಮ್ ಲೋನ್, ಮತ್ತು ಗೆರೆ ದಾಟಿದವರ ಕಥೆ

ಯಂತ್ರ, ಶೆಡ್ಡು, ಡೀಸೆಲ್ ಜನರೇಟರ್‌ಗೆ ಟರ್ಮ್ ಲೋನೇ ಸರಿ. ವಾಣಿಜ್ಯ ಬ್ಯಾಂಕುಗಳಲ್ಲದೆ 1959ರಿಂದ ಇರುವ ನಮ್ಮ ರಾಜ್ಯ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಸಿಯೂ ಕೊಡುತ್ತದೆ. 35 ಲಕ್ಷದ ವಿಎಂಸಿ (ಲೋಹ ಕೊರೆಯುವ ಕಂಪ್ಯೂಟರ್ ಚಾಲಿತ ಯಂತ್ರ) ಎಂದುಕೊಳ್ಳಿ. ಕಾಲು ಭಾಗ ನಿಮ್ಮದು, 26.25 ಲಕ್ಷ ಸಾಲ, ಶೇ. 10.5, ಐದು ವರ್ಷ. ತಿಂಗಳ ಕಂತು 56,400ರ ಆಸುಪಾಸು. ಕಂತಿನ ಒಂದೂವರೆ ಪಟ್ಟು, ಅಂದರೆ 85,000 ರೂಪಾಯಿ, ಆ ಯಂತ್ರವೊಂದೇ ಖರ್ಚು ಕಳೆದು ದುಡಿಯುತ್ತದೆಯೇ? ಆರ್ಡರು ಕೈಯಲ್ಲಿದ್ದು "ಹೌದು" ಎಂದರೆ ತೆಗೆದುಕೊಳ್ಳಿ. "ಮೆಷಿನ್ ಬಂದ್ಮೇಲೆ ಆರ್ಡರ್ ಬರುತ್ತೆ" ಎಂಬುದು ಉತ್ತರವಾದರೆ ಇನ್ನಾರು ತಿಂಗಳು ಜಾಬ್ ವರ್ಕ್ ಹೊರಗೆ ಕೊಟ್ಟು ನಡೆಸಿ.

ಗೆರೆ ದಾಟಿದವರು ನನ್ನ ಇನ್ನೊಬ್ಬ ಗಿರಾಕಿ. ಟರ್ಮ್ ಲೋನಿಗೆ ಎರಡು ತಿಂಗಳು ಓಡಾಡುವ ಬದಲು ಕೈಯಲ್ಲಿದ್ದ ಸಿಸಿಯಿಂದಲೇ 18 ಲಕ್ಷ ತೆಗೆದು ಯಂತ್ರ ತಂದರು. ಪೂಜೆಗೆ ನಾನೂ ಹೋಗಿದ್ದೆ, ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿದರು. ಮುಂದಿನ ತಿಂಗಳು ದೊಡ್ಡ ಆರ್ಡರು ಬಂತು. ರಾಡು ತರಲು ಸಿಸಿಯಲ್ಲಿ ಜಾಗವಿಲ್ಲ. ಹೊಸ ಯಂತ್ರ ಕವರು ಹೊದ್ದು ಕೂತಿತು. ಕೊನೆಗೆ ಆ 18 ಲಕ್ಷವನ್ನು ಟರ್ಮ್ ಲೋನಾಗಿ ಬದಲಿಸಿಕೊಡಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದೆವು. ಆಯಿತು, ಐದು ತಿಂಗಳ ಮೇಲೆ. ಅಷ್ಟರಲ್ಲಿ ಆ ಆರ್ಡರಿನ ಅರ್ಧ ಬೇರೆಯವರ ಶೆಡ್ಡಿಗೆ ಹೋಗಿತ್ತು.

ಬಡ್ಡಿ ದರ ಇಳಿದಾಗ ಬೇಗ ತೀರಿಸುವ ಯೋಚನೆ ಇದ್ದವರಿಗೆ ಒಂದು ಒಳ್ಳೆಯ ಸುದ್ದಿ: 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣಗೊಳ್ಳುವ ಫ್ಲೋಟಿಂಗ್ ದರದ ಸಾಲಕ್ಕೆ ಸೂಕ್ಷ್ಮ, ಸಣ್ಣ ಉದ್ಯಮಗಳಿಂದ ವಾಣಿಜ್ಯ ಬ್ಯಾಂಕುಗಳು ಅವಧಿಪೂರ್ವ ಪಾವತಿ ಶುಲ್ಕ ಕೇಳುವಂತಿಲ್ಲ.

ಟ್ರೆಡ್ಸ್: ದೊಡ್ಡ ಗಿರಾಕಿ ಇರುವವರಿಗೆ

ನನಗೆ ಕೇಳಿದರೆ, ಹೆಚ್ಚು ಜನರಿಗೆ ಗೊತ್ತಿಲ್ಲದ ಒಳ್ಳೆಯ ದಾರಿ ಇದು. ನಿಮ್ಮ ಬಿಲ್ಲನ್ನು ಆನ್‌ಲೈನ್ ಕಟ್ಟೆಯ ಮೇಲೆ ಇಡುತ್ತೀರಿ. ಗಿರಾಕಿ "ಹೌದು, ಇಷ್ಟು ಕೊಡಬೇಕು" ಎಂದು ಒಪ್ಪುತ್ತಾನೆ. ಬ್ಯಾಂಕುಗಳು ಆ ಬಿಲ್ಲಿಗೆ ದರ ಕೂಗುತ್ತವೆ, ನೀವು ಒಂದನ್ನು ಆರಿಸುತ್ತೀರಿ, ಒಂದೆರಡು ದಿನದಲ್ಲಿ ಬಡ್ಡಿ ಕಳೆದು ಹಣ ಬರುತ್ತದೆ. ಗಡುವಿನ ದಿನ ಗಿರಾಕಿ ನೇರವಾಗಿ ಬ್ಯಾಂಕಿಗೆ ಕೊಡುತ್ತಾನೆ. ಕೊಡದಿದ್ದರೆ ಬ್ಯಾಂಕು ನಿಮ್ಮ ಹತ್ತಿರ ಬರುವಂತಿಲ್ಲ. ಐದನೇ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಈ ಪಟ್ಟಿಯಲ್ಲಿ ಬೇರೆ ಯಾವುದಕ್ಕೂ ಇಲ್ಲ.

ದರ ನಿಂತಿರುವುದು ಗಿರಾಕಿಯ ರೇಟಿಂಗ್ ಮೇಲೆ, ನಿಮ್ಮದರ ಮೇಲಲ್ಲ. ಐದು ಲಕ್ಷದ ಬಿಲ್ಲು, 60 ದಿನ, ಶೇ. 9 ಆದರೆ ಬಡ್ಡಿ ಸುಮಾರು 7,400 ರೂಪಾಯಿ. ಮನೆಪತ್ರ ಕೇಳುವುದಿಲ್ಲ. ರಿಸರ್ವ್ ಬ್ಯಾಂಕ್ 2014ರಲ್ಲಿ ಮಾರ್ಗಸೂಚಿ ತಂದು, 2017ರಿಂದ ಓಡುತ್ತಿರುವ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇಂಥ ಕಟ್ಟೆಗಳು.

ಹಾಗಾದರೆ ಎಲ್ಲರೂ ಯಾಕೆ ಬಳಸುವುದಿಲ್ಲ? ಗಿರಾಕಿ ಒಪ್ಪಿಗೆಯ ಬಟನ್ ಒತ್ತಬೇಕಲ್ಲ! 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ಗೆ ಸೇರಬೇಕೆಂದು ಸರ್ಕಾರ ಹೇಳಿದೆ. ಸೇರುವುದು ಬೇರೆ, ನಿಮ್ಮ ಬಿಲ್ಲನ್ನು ಒಪ್ಪುವುದು ಬೇರೆ. ಹೊಸ ಆರ್ಡರು ಮಾತಾಡುವಾಗಲೇ, ಬೆಲೆ ಚೌಕಾಸಿಯ ಜೊತೆಗೇ, "ಬಿಲ್ಲು ಟ್ರೆಡ್ಸ್‌ನಲ್ಲಿ ಒಪ್ಪಬೇಕು" ಎಂಬ ಸಾಲು ಸೇರಿಸಿ. ಬಾಕಿ ಬಿದ್ದಮೇಲೆ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಜೊತೆಗೆ, ಇಲ್ಲಿ ಮಾರಿದ ಬಿಲ್ಲು ನಿಮ್ಮ ಬಾಕಿ ಪಟ್ಟಿಯಿಂದ ಹೋಗುವುದರಿಂದ ಸಿಸಿಯ ಡ್ರಾಯಿಂಗ್ ಪವರ್ ಅಷ್ಟು ಇಳಿಯುತ್ತದೆ. ಒಂದೇ ಬಿಲ್ಲನ್ನು ಎರಡೂ ಕಡೆ ತೋರಿಸುವುದು ವಂಚನೆ, ಸಿಕ್ಕಿಬಿದ್ದರೆ ಬಿಡುವುದಿಲ್ಲ.

ಮೂರು ದಿನದ ಹತ್ತು ಲಕ್ಷ

ಫೈನಾನ್ಸ್ ಕಂಪನಿಗಳ ಅಡಮಾನವಿಲ್ಲದ ಬಿಸಿನೆಸ್ ಲೋನ್. ವೇಗಕ್ಕೆ ಪೂರ್ತಿ ಅಂಕ. ಉಳಿದದ್ದಕ್ಕೆ ಲೆಕ್ಕ ಮಾಡೋಣ. "ತಿಂಗಳಿಗೆ ಒಂದೂವರೆ ಪರ್ಸೆಂಟ್ ಫ್ಲಾಟ್, ವರ್ಷಕ್ಕೆ ಬರೀ ಹದಿನೆಂಟು" ಎಂದ ಆ ಫೈನಾನ್ಸ್ ಕಂಪನಿಯ ಹುಡುಗ. ಹತ್ತು ಲಕ್ಷಕ್ಕೆ 24 ತಿಂಗಳ ಬಡ್ಡಿ 3.6 ಲಕ್ಷ, ಕಂತು 56,667. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಹತ್ತು ಲಕ್ಷದ ಮೇಲೆಯೇ. ಇಳಿಯುವ ಅಸಲಿನ ಮೇಲೆ ಎಣಿಸಿದರೆ ಇದು ಶೇ. 31 ದಾಟುತ್ತದೆ. ಮೊದಲೇ ಹಿಡಿದುಕೊಳ್ಳುವ ಶೇ. 2 ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಜಿಎಸ್‌ಟಿ ಸೇರಿಸಿದರೆ ಹತ್ತಿರಹತ್ತಿರ 34. ಶಾಫ್ಟಿನ ಕೆಲಸದಲ್ಲಿ ನೂರಕ್ಕೆ ಆರು ಉಳಿದರೆ ಹೆಚ್ಚು.

ಎಂದೂ ಬೇಡ ಎನ್ನುವುದಿಲ್ಲ. ನಾಳೆಯೇ ಮಾಲು ಎತ್ತದಿದ್ದರೆ ಆರ್ಡರು ಹೋಗುತ್ತದೆ, ಹಣ ಬರುವ ದಿನವೂ ಖಚಿತ ಎಂದಾದರೆ, ಒಮ್ಮೆ. ಅದನ್ನು ತೀರಿಸಲು ಎರಡನೆಯದು, ಎರಡನೆಯದನ್ನು ತೀರಿಸಲು ಆ್ಯಪ್‌ನಲ್ಲಿ ಮೂರನೆಯದು ತೆಗೆದವರನ್ನು ನೋಡಿದ್ದೇನೆ. ಮೂರು ಕಂತು ಒಟ್ಟಿಗೆ ಐದನೇ ತಾರೀಕು ಹೋಗುತ್ತವೆ. ಅದಾದ ಮೇಲೆ 7ಕ್ಕೆ ಸಂಬಳ ಮತ್ತು ಟಿಡಿಎಸ್, 15ಕ್ಕೆ ಪಿಎಫ್, ಇಎಸ್‌ಐ, 20ಕ್ಕೆ ಜಿಎಸ್‌ಟಿ. ಗಿರಾಕಿ ಹಣ ಕೊಡದಿದ್ದರೂ ಬಿಲ್ಲು ಮಾಡಿದ ತಿಂಗಳ ಜಿಎಸ್‌ಟಿ ಕಟ್ಟಲೇಬೇಕು, ತಡವಾದರೆ ಶೇ. 18 ಬಡ್ಡಿ.

ಚಿಕ್ಕ ಮೊತ್ತಕ್ಕಾದರೆ ಮೊದಲು ಸರ್ಕಾರದ ಮುದ್ರಾ ಯೋಜನೆಯ ಸಾಲ ಕೇಳಿ. ತರುಣ್ ವರ್ಗದಲ್ಲಿ 10 ಲಕ್ಷದವರೆಗೆ. ಅದನ್ನು ಸರಿಯಾಗಿ ತೀರಿಸಿದವರಿಗೆ ತರುಣ್ ಪ್ಲಸ್‌ನಲ್ಲಿ 20 ಲಕ್ಷದವರೆಗೆ.

ಚೀಟಿ

ಭಾವಮೈದನ ಸಲಹೆಯನ್ನು ನಗೆಯಾಡಿ ಬಿಡುವಂತಿಲ್ಲ. ಕಾಗದಪತ್ರ ಕಡಿಮೆ, ಸಿಬಿಲ್ ಚಿಂತೆ ಕಡಿಮೆ, ಎಷ್ಟೋ ಕಾರ್ಖಾನೆಗಳು ಚೀಟಿಯ ಮೇಲೆಯೇ ಎದ್ದು ನಿಂತಿವೆ. ಐದು ಲಕ್ಷದ ಚೀಟಿ, 25 ಜನ, 25 ತಿಂಗಳು, ತಿಂಗಳಿಗೆ 20,000. ಮೂರನೇ ತಿಂಗಳು ಶೇ. 25 ಬಿಟ್ಟು ಕೂಗಿ ಎತ್ತಿದರೆ ಕೈಗೆ 3.75 ಲಕ್ಷ. ಲಾಭಾಂಶ ಕಳೆದು ಮೊದಲ ಮೂರು ಕಂತು ತಲಾ 16,000, ಆಮೇಲಿನ 22 ಕಂತು ಸರಾಸರಿ 17,500 ಎಂದುಕೊಂಡರೆ ವರ್ಷಕ್ಕೆ ಶೇ. 17-18 ಬಿತ್ತು. ಸಿಸಿಗಿಂತ ದುಬಾರಿ, ಫೈನಾನ್ಸ್ ಕಂಪನಿಗಿಂತ ಎಷ್ಟೋ ಅಗ್ಗ.

ಆದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾದದ್ದು ಮಾತ್ರ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪಕ್ಕದ ಬೀದಿಯವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಡೆಸುವ ಚೀಟಿಗೆ ಕಂಪನಿಯ ದುಡ್ಡು ಹಾಕಬೇಡಿ. ಲೆಕ್ಕದ ಪುಸ್ತಕದಲ್ಲಿ ಅದನ್ನು ನಾನು ಎಲ್ಲಿ ಬರೆಯಲಿ?

ಮನೆಯವರ ದುಡ್ಡು, ಸ್ನೇಹಿತರ ಕೈಸಾಲ

ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡವರು ಇಲ್ಲಿ ಗೊತ್ತಿಲ್ಲದೆ ಎಡವುತ್ತಾರೆ. ಸ್ನೇಹಿತನ ಹತ್ತಿರ ಕಂಪನಿಗೆಂದು ಐದು ಲಕ್ಷ ಕೈಸಾಲ ಪಡೆದರೆ ಕಂಪನಿ ಕಾಯ್ದೆಯ ಕಣ್ಣಲ್ಲಿ ಅದು ಠೇವಣಿಯಾಗುತ್ತದೆ, ಆ ನಿಯಮಗಳೆಲ್ಲ ಮೇಲೆ ಬೀಳುತ್ತವೆ. ನಿರ್ದೇಶಕರು, ಅವರ ಹತ್ತಿರದ ಸಂಬಂಧಿಕರು ಕೊಡಬಹುದು. ಆದರೆ ಇದು ಬೇರೆ ಕಡೆ ಸಾಲ ಮಾಡಿ ತಂದ ಹಣವಲ್ಲ ಎಂದು ಬರೆದುಕೊಡಬೇಕು. ಅಂದರೆ ಸ್ವಂತ ಹೆಸರಲ್ಲಿ ಚಿನ್ನ ಅಡವಿಟ್ಟು ಆ ದುಡ್ಡನ್ನು ಕಂಪನಿಗೆ ಹಾಕಿದರೆ ಆ ಹೇಳಿಕೆ ಸುಳ್ಳಾಗುತ್ತದೆ. ಇನ್ನು 20,000 ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು.

ಮೀಟರ್ ಬಡ್ಡಿಯನ್ನು ನಾನು ಹೋಲಿಕೆಗೇ ತೆಗೆದುಕೊಳ್ಳುವುದಿಲ್ಲ.

ಯಾರಿಗೆ ಯಾವುದು

ಒಂದೆರಡು ದೊಡ್ಡ ಕಂಪನಿಗಳಿಗೇ ಮಾಲು ಹಾಕುವವರು ಟ್ರೆಡ್ಸ್‌ನಿಂದ ಶುರುಮಾಡಿ, ಸಂಬಳಕ್ಕೆ, ಚಿಲ್ಲರೆ ಖರ್ಚಿಗೆ ಚಿಕ್ಕ ಸಿಸಿ ಇಟ್ಟುಕೊಳ್ಳಿ. ಮೂವತ್ತು ನಲವತ್ತು ಸಣ್ಣ ಗಿರಾಕಿಗಳಿರುವವರಿಗೆ ಟ್ರೆಡ್ಸ್ ಉಪಯೋಗಕ್ಕೆ ಬರುವುದಿಲ್ಲ. ಸಿಸಿಯೇ ಗತಿ, ತೊಂಬತ್ತು ದಿನದ ಗೆರೆಯ ಮೇಲೆ ಕಣ್ಣಿರಲಿ. ಈಗಷ್ಟೇ ಶುರುಮಾಡಿ ವಹಿವಾಟು ಐವತ್ತು ಲಕ್ಷದೊಳಗಿದ್ದರೆ ಮುದ್ರಾ, ವ್ಯಾಪಾರಿಯ ಉದ್ರಿ, ಬೇಕಿದ್ದರೆ ಒಂದು ನೋಂದಾಯಿತ ಚೀಟಿ, ಎರಡು ಬೇಡ. ಯಂತ್ರ ಬೇಕಾದವರು ಟರ್ಮ್ ಲೋನಿಗೆ ಕಾಯಿರಿ. ಈಗಾಗಲೇ ಎರಡು ಮೂರು ಫೈನಾನ್ಸ್ ಕಂತು ಕಟ್ಟುತ್ತಿರುವವರು ನಾಲ್ಕನೆಯದನ್ನು ಹುಡುಕುವುದು ಬಿಟ್ಟು, ಎಲ್ಲ ಕಾಗದ ಎತ್ತಿಕೊಂಡು, ಖಾತೆ ಕೆಡುವ ಮೊದಲೇ ಬ್ಯಾಂಕಿಗೆ ಹೋಗಿ ಒಂದೇ ಸಾಲವಾಗಿ ಮಾಡಿಕೊಡಲು ಕೇಳಿ. ಕೆಟ್ಟ ಮೇಲೆ ಹೋದರೆ ಕುರ್ಚಿ ಕೂಡ ತೋರಿಸುವುದಿಲ್ಲ.

ಶಾಫ್ಟ್ ಕಂಪನಿಯ ಮಾಲೀಕರಿಗೆ ಸಿಸಿ ಎಂದೇ ತೀರ್ಮಾನವಾಯಿತು, ಸಿಜಿಟಿಎಂಎಸ್‌ಇ ಅಡಿ. ಆದರೆ ಅದು ಆ ತಿಂಗಳ ಏಳನೇ ತಾರೀಕಿಗೆ ಬರುವುದಿಲ್ಲವಲ್ಲ. ಅವರ ಹೆಸರಲ್ಲಿದ್ದ ಮೂರು ಲಕ್ಷದ ಎಫ್‌ಡಿ ಮುರಿಸಿ ಕಂಪನಿಗೆ ಹಾಕಿಸಿದೆ, ಹೇಳಿಕೆಗೆ ಸಹಿ ಹಾಕಿಸಿಕೊಂಡೆ. ಆಮೇಲೆ ಬಾಕಿ ಪಟ್ಟಿ ಹಿಡಿದು ಕೂತೆವು. ಎಲ್ಲಕ್ಕಿಂತ ಹಳೆಯ ಬಿಲ್ಲು 4.2 ಲಕ್ಷದ್ದು, 96 ದಿನವಾಗಿತ್ತು. "ಅವರು ಯಾವಾಗಲೂ ಹಿಂಗೇ ಸಾರ್" ಎಂದರು. ಡೆಲಿವರಿ ಚಲನ್ ಪ್ರತಿ ತೆಗೆದುಕೊಂಡು ಅವರ ಸ್ಕೂಟರಿನಲ್ಲೇ ಆ ಗಿರಾಕಿಯ ಸ್ಟೋರ್ಸ್‌ಗೆ ಹೋದೆವು. ಅಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, "ಇದಕ್ಕೆ ಜಿಆರ್‌ಎನ್ನೇ ಆಗಿಲ್ಲ ಅಂಕಲ್, ಪಿಓ ನಂಬರ್‌ನಲ್ಲಿ ಕೊನೇ ಅಂಕಿ ತಪ್ಪಿದೆ, ಮೇಲ್ ಹಾಕಿದ್ವಲ್ಲ" ಎಂದಳು. ಜಿಆರ್‌ಎನ್ ಎಂದರೆ ಮಾಲು ತಲುಪಿತೆಂದು ಅವರು ಬರೆದುಕೊಳ್ಳುವ ದಾಖಲೆ, ಪಿಓ ಎಂದರೆ ಅವರ ಖರೀದಿ ಆರ್ಡರು. ಮೇಲ್ ಹೋಗಿದ್ದು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ ಸೂಪರ್‌ವೈಸರ್ ವಿಳಾಸಕ್ಕೆ. ತಿದ್ದಿದ ಬಿಲ್ಲು ಅವತ್ತೇ ಕೊಟ್ಟು ಬಂದೆವು. ಹಣ ಹನ್ನೆರಡನೇ ತಾರೀಕು ಬಿತ್ತು.